ಅನ್ನವೂ ಆತ್ಮಗೌರವವೂ: ಮಾನವನ ಅಗತ್ಯಗಳ ಏಣಿಯ ಕಥೆ

ಯಾಯಿರನ ಮಗಳ ಪ್ರಸಂಗ ನಮಗೆಲ್ಲರಿಗೂ ಪರಿಚಿತ. ಸತ್ತುಹೋಗಿದ್ದ ಹನ್ನೆರಡು ವರ್ಷದ ಬಾಲಕಿಯ ಕೈಹಿಡಿದು ಯೇಸುಸ್ವಾಮಿ ಎಬ್ಬಿಸುತ್ತಾರೆ. ಮನೆಯವರು ಬೆರಗಿನಿಂದ ಮೈಮರೆತು ನಿಂತಿರುವಾಗ, ಆಕೆಗೆ ಊಟಕ್ಕೆ ಏನಾದರೂ ಕೊಡಿರೆಂದು ಅವರು ಹೇಳುತ್ತಾರೆ. ಈ ಸಣ್ಣ ವಿವರವನ್ನು ಸಂತ ಮಾರ್ಕರು ಮರೆಯದೆ ದಾಖಲಿಸಿದ್ದಾರೆ (5:43). ಮರಣವನ್ನು ಗೆದ್ದ ಗಳಿಗೆಯಲ್ಲಿಯೂ ಪ್ರಭುವಿಗೆ ಒಂದು ಮಗುವಿನ ಹಸಿವು ಕಂಡಿತು. ಅದೇ ಪ್ರಭು ಬೆಂಗಾಡಿನಲ್ಲಿ ನಲವತ್ತು ದಿನ ಉಪವಾಸವಿದ್ದು ಹಸಿದಾಗ, ಮನುಷ್ಯನು ಬದುಕುವುದು ರೊಟ್ಟಿಯೊಂದರಿಂದಲೇ ಅಲ್ಲವೆಂದು ಸೈತಾನನಿಗೆ ಉತ್ತರಿಸಿದರು.

ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಸುಲಭವಲ್ಲ. ಬಡವರಿಗೆ ನೆರವಾಗಲು ಹೊರಟವರು ಒಂದೋ ರೊಟ್ಟಿಯನ್ನು ಮಾತ್ರ ಕಂಡಿದ್ದಾರೆ, ಇಲ್ಲವೇ ರೊಟ್ಟಿಯನ್ನು ಮರೆತು ಬರಿಯ ಉಪದೇಶ ಮಾಡಿದ್ದಾರೆ. ಕಳೆದ ಶತಮಾನದಲ್ಲಿ ಸಮಾಜಕಾರ್ಯವೆಂಬ ವೃತ್ತಿ ಈ ಸಮಸ್ಯೆಯೊಡನೆ ಹೆಣಗಿದ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡಬಯಸುತ್ತೇನೆ. ನಮ್ಮ ಧರ್ಮಕೇಂದ್ರಗಳಲ್ಲಿ ಅಕ್ಕಿ ಹಂಚುವವರಿಗೂ ಅದನ್ನು ಪಡೆಯುವವರಿಗೂ ಸಂಬಂಧಿಸಿದ ಕಥೆಯಿದು.

ಕಪ್ಪುಹಲಗೆಯ ತ್ರಿಕೋನ

ಸಮಾಜಸೇವೆಯ ತರಬೇತಿ ಶಿಬಿರಕ್ಕೆ ಹೋದವರು ಕಪ್ಪುಹಲಗೆಯ ಮೇಲೆ ಒಂದು ತ್ರಿಕೋನವನ್ನು ನೋಡಿರಬಹುದು. ಅದರಲ್ಲಿ ಐದು ಅಂತಸ್ತುಗಳಿರುತ್ತವೆ. ತಳದಲ್ಲಿ ಅನ್ನ, ನೀರು, ನಿದ್ರೆ ಮೊದಲಾದ ಶರೀರದ ಅಗತ್ಯಗಳು. ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ ಹಾಗೂ ಒಡನಾಟ, ನಾಲ್ಕನೆಯದಾಗಿ ಗೌರವ. ತುದಿಯಲ್ಲಿ, ತನ್ನೊಳಗಿನ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವ ಹಂಬಲ. ಪಠ್ಯಪುಸ್ತಕಗಳು ಈ ಕೊನೆಯದನ್ನು ಆತ್ಮಸಾಕ್ಷಾತ್ಕಾರವೆಂದು ಕರೆಯುವುದುಂಟು. ಆದರೆ ನಮ್ಮ ನಾಡಿನ ಅಧ್ಯಾತ್ಮದಲ್ಲಿ ಆ ಪದಕ್ಕಿರುವ ಅರ್ಥವೇ ಬೇರೆ. ಕೆಳಗಿನ ಅಂತಸ್ತು ತುಂಬಿದ ಮೇಲೆಯೇ ಮನುಷ್ಯನು ಮೇಲಿನದನ್ನು ಬಯಸುತ್ತಾನೆ, ಆದ್ದರಿಂದ ಬಡವರ ಸೇವೆ ತಳದಿಂದ ಆರಂಭವಾಗಬೇಕು ಎಂದು ಶಿಬಿರದಲ್ಲಿ ವಿವರಿಸುತ್ತಾರೆ. ಇದನ್ನು ಅಬ್ರಹಾಂ ಮಾಸ್ಲೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಸಿದ್ಧಾಂತವೆಂದು ಹೇಳಿ ಪಾಠ ಮುಗಿಸುತ್ತಾರೆ.

ಮಾಸ್ಲೊ 1908ರ ಏಪ್ರಿಲ್ 1ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಅವರ ತಂದೆತಾಯಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದ್ಯರು. ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಮೊದಲು ಕೋತಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಅವರು 1938ರ ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋಗಿ, ಬ್ಲ್ಯಾಕ್‌ಫುಟ್ ಜನಾಂಗದ ಸಿಕ್ಸಿಕಾ ಮೂಲನಿವಾಸಿಗಳ ನಡುವೆ ಕೆಲವು ವಾರ ಕಳೆದರು. ಆ ಜನರಲ್ಲಿ ಸಂಪತ್ತನ್ನು ಕೂಡಿಟ್ಟವನಿಗಿಂತ ಹಬ್ಬದ ದಿನ ಅದನ್ನು ಎಲ್ಲರೆದುರು ಹಂಚಿ ಬರಿಗೈಯಾಗುವವನಿಗೆ ಹೆಚ್ಚಿನ ಮಾನವಿತ್ತು. ಮಾಸ್ಲೊ ಅವರ ಸಿದ್ಧಾಂತಕ್ಕೆ ಇದೇ ಮೂಲವೆಂದು ಹೇಳುವಷ್ಟು ಆಧಾರವಿಲ್ಲ. ಆದರೂ ನಗರದ ಆ ಯುವ ವಿದ್ವಾಂಸರ ಮನಸ್ಸಿನ ಮೇಲೆ ಆ ದಿನಗಳು ಆಳವಾದ ಮುದ್ರೆಯೊತ್ತಿದವು.

ಐದು ವರ್ಷಗಳ ಬಳಿಕ, 1943ರಲ್ಲಿ, ಜಗತ್ತು ಮಹಾಯುದ್ಧದಲ್ಲಿ ಬೇಯುತ್ತಿದ್ದಾಗ, ಅವರು ಮಾನವ ಪ್ರೇರಣೆಯ ಕುರಿತು ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಆ ಲೇಖನದಲ್ಲಿ ತ್ರಿಕೋನವೇ ಇಲ್ಲವೆಂಬುದು ನಿಮಗೆ ಅಚ್ಚರಿಯೆನಿಸಬಹುದು. ಮಾಸ್ಲೊ ಬರೆದದ್ದು ತುಂಬ ಎಚ್ಚರಿಕೆಯ ಮಾತುಗಳನ್ನು. ಒಂದು ಅಗತ್ಯ ನೂರಕ್ಕೆ ನೂರು ಪೂರೈಸಿದ ಮೇಲೆಯೇ ಮುಂದಿನದು ತಲೆಯೆತ್ತುತ್ತದೆಂದು ಭಾವಿಸಬಾರದೆಂದು ಅವರು ಎಚ್ಚರಿಸಿದ್ದರು. ಸಾಮಾನ್ಯ ಮನುಷ್ಯನೊಬ್ಬನಲ್ಲಿ ಶರೀರದ ಅಗತ್ಯಗಳು ಶೇಕಡಾ 85, ಭದ್ರತೆ 70, ಪ್ರೀತಿ 50, ಆತ್ಮಗೌರವ 40, ಕೊನೆಯದು 10ರಷ್ಟು ತೃಪ್ತಿಗೊಂಡಿರಬಹುದೆಂದು, ಉದಾಹರಣೆಗಾಗಿಯೇ ಕಲ್ಪಿಸಿದ ಅಂಕಿಗಳನ್ನು ಕೊಟ್ಟಿದ್ದರು. ಅಂದರೆ ಎಲ್ಲ ಅಗತ್ಯಗಳೂ ಏಕಕಾಲದಲ್ಲಿ, ಹೆಚ್ಚುಕಡಿಮೆ ಪ್ರಮಾಣದಲ್ಲಿ, ನಮ್ಮೊಳಗೆ ಮಿಡಿಯುತ್ತಿರುತ್ತವೆ. ಈ ಕ್ರಮ ಎಲ್ಲರಿಗೂ ಒಂದೇ ಅಲ್ಲವೆಂದೂ, ಒಂದು ಆದರ್ಶಕ್ಕಾಗಿ ಎಲ್ಲವನ್ನೂ ತೊರೆಯುವ ಹುತಾತ್ಮರು ಇರುವರೆಂದೂ ಅವರು ಬರೆದಿದ್ದರು.

ಹಾಗಾದರೆ ತ್ರಿಕೋನ ಬಂದದ್ದೆಲ್ಲಿಂದ? ಈ ಪ್ರಶ್ನೆಯನ್ನು ಹುಡುಕಿಕೊಂಡು ಹೋದ ಮೂವರು ವಿದ್ವಾಂಸರು 2019ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು ಅಮೆರಿಕದ ವ್ಯಾಪಾರ ಪತ್ರಿಕೆಯೊಂದರಲ್ಲಿ ಮಾಸ್ಲೊ ಅವರ ವಿಚಾರವನ್ನು ಪಿರಮಿಡ್ಡಿನ ಆಕಾರದಲ್ಲಿ ಚಿತ್ರಿಸಿದ್ದರೆಂದು ಅವರು ತೋರಿಸಿದರು. ನೌಕರರಿಂದ ಹೆಚ್ಚಿನ ಕೆಲಸವನ್ನು ಕಡಿಮೆ ವೆಚ್ಚದಲ್ಲಿ ಪಡೆಯುವ ಮಾರ್ಗವನ್ನು ವ್ಯವಸ್ಥಾಪಕರಿಗೆ ಹೇಳಿಕೊಡುವುದು ಆ ಲೇಖನದ ಉದ್ದೇಶವಾಗಿತ್ತು. ಬಡವರ ಸೇವೆಯ ಪಾಠಕ್ಕೆ ನಾವು ಬಳಸುವ ಚಿತ್ರ ಬಂದದ್ದು ಕಾರ್ಖಾನೆ, ಕಚೇರಿಗಳ ಲೋಕದಿಂದ!

ಸುಡಿಸಿದ ಪುಸ್ತಕ

ಮಾಸ್ಲೊ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಬಡವರ ಮನೆಬಾಗಿಲಿಗೆ ಹೋಗುವ ಕಾರ್ಯಕರ್ತರಿಗಾಗಿ ಮಾನವನ ಅಗತ್ಯಗಳ ಕುರಿತು ಪುಸ್ತಕ ಬರೆದವರು ಶಾರ್ಲಟ್ ಟೋಲ್ ಎಂಬ ಮಹಿಳೆ. ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1834ರ ಇಂಗ್ಲೆಂಡಿನ ಬಡವರ ಕಾಯಿದೆಯು ಒಂದು ಕಠಿಣ ನಿಯಮವನ್ನು ಮುಂದಿಟ್ಟಿತು: ನೆರವು ಪಡೆಯುವವನ ಸ್ಥಿತಿ, ದುಡಿದು ತಿನ್ನುವ ಅತಿ ಬಡ ಕೂಲಿಕಾರನ ಸ್ಥಿತಿಗಿಂತಲೂ ಕೀಳಾಗಿರಬೇಕು. ನೆರವು ಕೇಳಲು ಜನ ನಾಚಬೇಕೆಂಬುದೇ ಅದರ ಉದ್ದೇಶ. 1869ರಲ್ಲಿ ಲಂಡನ್ನಿನಲ್ಲಿಯೂ 1877ರಲ್ಲಿ ಅಮೆರಿಕದ ಬಫಲೊ ನಗರದಲ್ಲಿಯೂ ಆರಂಭವಾದ ದಾನವ್ಯವಸ್ಥಾಪನಾ ಸಂಘಗಳು ಇದಕ್ಕಿಂತ ಮೃದುವಾಗಿದ್ದವು. ಅವುಗಳ ಸ್ವಯಂಸೇವಕರು ಸ್ನೇಹಿತರಾಗಿ ಬಡವರ ಮನೆಗಳಿಗೆ ಭೇಟಿಕೊಟ್ಟರು. ಆದರೆ ಅವರೂ ಬಡವರನ್ನು ನೆರವಿಗೆ ಅರ್ಹರು, ಅನರ್ಹರು ಎಂದು ವಿಂಗಡಿಸುತ್ತಿದ್ದರು. ಕುಡಿಯುವವನ ಮನೆಯ ಮಕ್ಕಳಿಗೆ ಹಸಿವಿಲ್ಲವೇ ಎಂಬ ಪ್ರಶ್ನೆಗೆ ಆ ವಿಂಗಡಣೆಯಲ್ಲಿ ಉತ್ತರವಿರಲಿಲ್ಲ.

1929ರಿಂದ ಆರಂಭವಾದ ಆರ್ಥಿಕ ಕುಸಿತವು ಈ ವಿಂಗಡಣೆಯನ್ನೇ ಅರ್ಥಹೀನಗೊಳಿಸಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಕೆಲಸವಿರಲಿಲ್ಲ. ಅವರೆಲ್ಲರನ್ನೂ ಸೋಮಾರಿಗಳೆನ್ನಲು ಯಾರಿಗೆ ಸಾಧ್ಯ? 1935ರ ಸಾಮಾಜಿಕ ಭದ್ರತಾ ಕಾಯಿದೆಯ ಪ್ರಕಾರ ವೃದ್ಧರು, ಅಂಧರು ಹಾಗೂ ಆಸರೆಯಿಲ್ಲದ ಮಕ್ಕಳಿಗೆ ನೆರವು ದೊರೆಯತೊಡಗಿತು. ಆ ನೆರವು ನಗದು ರೂಪದಲ್ಲಿಯೇ ಇರಬೇಕೆಂದು ಕಾಯಿದೆ ಹೇಳಿದ್ದನ್ನು ಗಮನಿಸಿರಿ. ಅದಕ್ಕೆ ಮುಂಚೆ ಅನೇಕ ಕಡೆ ಬಡವರಿಗೆ ದಿನಸಿ ಅಂಗಡಿಯ ಚೀಟಿ ಕೊಡುತ್ತಿದ್ದರು. ಚೀಟಿ ಹಿಡಿದು ಸಾಲಿನಲ್ಲಿ ನಿಂತವಳನ್ನು ಅಂಗಡಿಯ ಎಲ್ಲರೂ ಗುರುತಿಸುತ್ತಿದ್ದರು. ಹಣ ಹಿಡಿದು ಬಂದವಳು ಇತರರಂತೆಯೇ ಒಬ್ಬ ಗಿರಾಕಿ. ಯಾವ ಕಾಳು ಕೊಳ್ಳಬೇಕೆಂಬುದು ಅವಳದೇ ತೀರ್ಮಾನ.

ಈ ಕಾಯಿದೆಯನ್ನು ಜಾರಿಗೆ ತರಲು ಸಾವಿರಾರು ಹೊಸ ನೌಕರರು ಬೇಕಾದರು. ಅವರಲ್ಲಿ ಹೆಚ್ಚಿನವರಿಗೆ ಸಮಾಜಕಾರ್ಯದ ಶಿಕ್ಷಣವಿರಲಿಲ್ಲ. ಅರ್ಜಿ ತುಂಬಿಸುವುದು, ಆದಾಯ ಲೆಕ್ಕ ಹಾಕುವುದು, ಹಣ ಮಂಜೂರು ಮಾಡುವುದು, ಇಷ್ಟೇ ಕೆಲಸವೆಂದು ಅವರು ತಿಳಿಯುವ ಅಪಾಯವಿತ್ತು. ಅವರಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸುವ ಹೊಣೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯ ಬೋಧಿಸುತ್ತಿದ್ದ ಟೋಲ್ ಅವರ ಪಾಲಿಗೆ ಬಂತು. 1896ರಲ್ಲಿ ಮೊಂಟಾನಾ ರಾಜ್ಯದ ಗಣಿಪಟ್ಟಣವಾದ ಬ್ಯೂಟ್‌ನಲ್ಲಿ ಹುಟ್ಟಿದವರು ಅವರು. ಮಾನವರೆಲ್ಲರ ಸಮಾನ ಅಗತ್ಯಗಳು ಎಂಬ ಅರ್ಥದ ಹೆಸರಿನಿಂದ ಆ ಕೈಪಿಡಿಯನ್ನು ಅಮೆರಿಕದ ಸರಕಾರವೇ 1945ರಲ್ಲಿ ಪ್ರಕಟಿಸಿತು.

ಟೋಲ್ ಅವರ ವಿಚಾರ ಸರಳವಾದದ್ದು. ಮೇಜಿನ ಆಚೆ ಕುಳಿತ ಅರ್ಜಿದಾರನಿಗೂ ಈಚೆ ಕುಳಿತ ಅಧಿಕಾರಿಗೂ ಇರುವ ಅಗತ್ಯಗಳು ಒಂದೇ. ಅನ್ನ, ವಸತಿ, ಆರೋಗ್ಯ ಎಲ್ಲರಿಗೂ ಬೇಕು. ಬುದ್ಧಿ ಹಾಗೂ ಭಾವನೆಗಳು ಬೆಳೆಯಲು ಅವಕಾಶ ಬೇಕು. ಇತರರೊಡನೆ ಬಾಂಧವ್ಯ ಬೇಕು. ಮನುಷ್ಯನ ಆಧ್ಯಾತ್ಮಿಕ ಅಗತ್ಯಗಳನ್ನೂ ಗುರುತಿಸಿ ಗೌರವಿಸಬೇಕೆಂದು ಸರಕಾರಿ ಕೈಪಿಡಿಯಲ್ಲಿಯೇ ಅವರು ಬರೆದರು. ಇವುಗಳಲ್ಲಿ ಒಂದನ್ನು ಪೂರೈಸುವ ರೀತಿ ಇನ್ನೊಂದನ್ನು ಪೋಷಿಸಬಹುದು ಅಥವಾ ಗಾಯಗೊಳಿಸಬಹುದು ಎಂಬುದು ಅವರ ಬರವಣಿಗೆಯ ತಿರುಳು. ನೆರವು ಕೊಡುವ ಕೈ ಒರಟಾಗಿದ್ದರೆ ಹೊಟ್ಟೆ ತುಂಬಿದರೂ ಮನುಷ್ಯ ಕುಗ್ಗುತ್ತಾನೆ.

ಈ ಪುಸ್ತಕಕ್ಕೆ ಬಂದ ಗತಿ ವಿಚಿತ್ರವಾದದ್ದು. ಅದರ ಒಂದು ವಾಕ್ಯದಲ್ಲಿ, ಸಮಾಜದ ಎಲ್ಲರ ಹಿತವನ್ನು ಕಾಯುವ ವ್ಯವಸ್ಥೆಯೆಂಬ ಅರ್ಥದಲ್ಲಿ, ಸಮಾಜವಾದವನ್ನು ನೆನಪಿಗೆ ತರುವ ಒಂದು ವಿಶೇಷಣವಿತ್ತು. ಕಮ್ಯುನಿಸಂನ ಭೀತಿ ಅಮೆರಿಕವನ್ನು ಆವರಿಸಿದ್ದ ಕಾಲವದು. ಸರಕಾರಿ ಆರೋಗ್ಯ ವಿಮೆಯನ್ನು ವಿರೋಧಿಸುತ್ತಿದ್ದ ಅಮೆರಿಕದ ವೈದ್ಯರ ಸಂಘವು ಆ ಪದವನ್ನು ಹಿಡಿದು ಆಕ್ಷೇಪವೆತ್ತಿತು. 1951ರಲ್ಲಿ ಸರಕಾರವು ಪುಸ್ತಕದ ಮುದ್ರಣವನ್ನು ನಿಲ್ಲಿಸಿ, ಉಳಿದ ಪ್ರತಿಗಳನ್ನು ಸುಡಿಸಿತು. ಆದರೆ ಪುಸ್ತಕ ಸಾಯಲಿಲ್ಲ. ಸಮಾಜಕಾರ್ಯಕರ್ತರ ಸಂಘವೇ ಅದನ್ನು ಮರಳಿ ಮುದ್ರಿಸಿತು. ಹಲವು ದಶಕಗಳ ಕಾಲ ಅದು ವಿದ್ಯಾರ್ಥಿಗಳ ಕೈಯಲ್ಲಿತ್ತು. ಟೋಲ್ 1966ರಲ್ಲಿ ತೀರಿಕೊಂಡರು.

ಭಾರತದಲ್ಲಿಯೂ ಸಮಾಜಕಾರ್ಯದ ಶಿಕ್ಷಣಕ್ಕೆ ಅಮೆರಿಕದ ನಂಟಿದೆ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಶಾಲೆಯ ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್ಷಾರ್ಟ್ ಎಂಬ ಅಮೆರಿಕದ ಮಿಷನರಿ. ಮುಂದೆ ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ ಸಂಸ್ಥೆಯ ಧರ್ಮಭಗಿನಿಯರು 1955ರಲ್ಲಿ ಮುಂಬಯಿಯ ನಿರ್ಮಲಾ ನಿಕೇತನವನ್ನೂ 1960ರಲ್ಲಿ ನಮ್ಮ ಮಂಗಳೂರಿನ ರೋಶನಿ ನಿಲಯವನ್ನೂ ಆರಂಭಿಸಿದರು. ನಮ್ಮ ನಾಡಿನ ಧರ್ಮಕೇಂದ್ರಗಳಲ್ಲಿ, ಆಸ್ಪತ್ರೆಗಳಲ್ಲಿ, ಸರಕಾರಿ ಇಲಾಖೆಗಳಲ್ಲಿ ದುಡಿದ ಎಷ್ಟೋ ಸಮಾಜಕಾರ್ಯಕರ್ತರು ಇಂತಹ ಸಂಸ್ಥೆಗಳಿಂದ ಬಂದವರು.

ಏಣಿಗೆ ಬಂದ ಪ್ರಶ್ನೆಗಳು

ಮಾಸ್ಲೊ ಅವರ ಲೇಖನ ಪ್ರಕಟವಾಗುವುದಕ್ಕೆ ಎರಡು ವರ್ಷ ಮೊದಲೇ ಒಬ್ಬ ಗುರು ಆ ಏಣಿಯನ್ನು ತಲೆಕೆಳಗು ಮಾಡಿದ್ದರು. 1941ರ ಜುಲೈ ಕೊನೆಯಲ್ಲಿ ಔಷ್‌ವಿಟ್ಸ್ ಸೆರೆಶಿಬಿರದಿಂದ ಕೈದಿಯೊಬ್ಬ ತಪ್ಪಿಸಿಕೊಂಡನೆಂದು ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಲಾಯಿತು. ಅವರಲ್ಲೊಬ್ಬರಾದ ಫ್ರಾನ್ಸಿಸೆಕ್ ಗಯೊವ್ನಿಚೆಕ್ ತಮ್ಮ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದಾಗ, 16670ನೇ ಸಂಖ್ಯೆಯ ಕೈದಿ ಮುಂದೆ ಬಂದು ಅವರ ಸ್ಥಾನವನ್ನು ಬೇಡಿದರು. ಅವರೇ ಫ್ರಾನ್ಸಿಸ್ಕನ್ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ. ಅನ್ನವಿಲ್ಲ, ಭದ್ರತೆಯಿಲ್ಲ, ಹೆಸರಿನ ಬದಲು ಒಂದು ಸಂಖ್ಯೆ. ಏಣಿಯ ಯಾವ ಮೆಟ್ಟಿಲೂ ಕಾಲಡಿಯಲ್ಲಿಲ್ಲದಿದ್ದಾಗ ಅವರು ಮಾನವ ಎತ್ತರದ ತುದಿಯಲ್ಲಿ ನಿಂತರು. ಆಗಸ್ಟ್ 14ರಂದು ಪ್ರಾಣ ಬಿಟ್ಟ ಅವರನ್ನು ಜಗದ್ಗುರು ಎರಡನೇ ಜಾನ್ ಪೌಲರು 1982ರ ಅಕ್ಟೋಬರ್ 10ರಂದು ಸಂತರೆಂದು ಘೋಷಿಸಿದಾಗ ಗಯೊವ್ನಿಚೆಕ್ ಅಲ್ಲಿ ಹಾಜರಿದ್ದರು.

ಹಾಗೆಂದು ಬಡವರಿಗೆ ಅನ್ನ ಬೇಡ, ಆಧ್ಯಾತ್ಮ ಸಾಕು ಎನ್ನುವುದಕ್ಕೆ ಸಂತ ಕೋಲ್ಬೆಯವರನ್ನು ಸಾಕ್ಷಿಯಾಗಿ ಕರೆಯುವುದು ಅನ್ಯಾಯ. ಅವರು ತಮ್ಮ ಹಸಿವನ್ನು ಗೆದ್ದರು. ಇನ್ನೊಬ್ಬರ ಹಸಿವನ್ನು ಕಡೆಗಣಿಸಲಿಲ್ಲ.

ವಿಜ್ಞಾನಿಗಳೂ ಏಣಿಯನ್ನು ಪರೀಕ್ಷಿಸಿದರು. ಅಗತ್ಯಗಳು ಒಂದರ ಮೇಲೊಂದು ಕಟ್ಟುನಿಟ್ಟಿನ ಕ್ರಮದಲ್ಲಿ ಬರುತ್ತವೆಂಬುದಕ್ಕೆ ಆಧಾರ ತೀರ ಕಡಿಮೆಯೆಂದು 1976ರ ಒಂದು ಸಮೀಕ್ಷೆ ತಿಳಿಸಿತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 123 ದೇಶಗಳ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿತು. ಈ ಅಗತ್ಯಗಳು ಎಲ್ಲ ದೇಶಗಳ ಜನರಿಗೂ ಮುಖ್ಯವೆಂಬುದು ಅಲ್ಲಿ ದೃಢಪಟ್ಟಿತು. ಆದರೆ ಕೆಳಗಿನದು ತುಂಬದಿದ್ದರೂ ಮೇಲಿನದರಿಂದ ಮನುಷ್ಯನಿಗೆ ನೆಮ್ಮದಿ ಸಿಗುತ್ತದೆಂದೂ ಕಂಡುಬಂತು. ಬಡವನಿಗೂ ಸ್ನೇಹದಿಂದ, ಗೌರವದಿಂದ ಸಂತೋಷವಾಗುತ್ತದೆ. ನಮ್ಮ ಅಜ್ಜಿಯರಿಗೆ ಇದು ಅಧ್ಯಯನವಿಲ್ಲದೆಯೇ ತಿಳಿದಿತ್ತು.

ಮಾಸ್ಲೊ ಅವರಿಗೂ ತಮ್ಮ ಏಣಿಯ ತುದಿ ಸಾಲದೆನಿಸಿತು. 1970ರ ಜೂನ್ 8ರಂದು ತೀರಿಕೊಳ್ಳುವ ಮುನ್ನಿನ ವರ್ಷಗಳಲ್ಲಿ ಅವರು, ತನ್ನ ಸಾಮರ್ಥ್ಯವನ್ನು ಅರಳಿಸಿಕೊಳ್ಳುವುದಕ್ಕೂ ಮಿಗಿಲಾಗಿ ತನ್ನನ್ನೇ ಮೀರಿ ಹೋಗುವ ಹಂಬಲವೊಂದು ಮನುಷ್ಯನಲ್ಲಿದೆಯೆಂದು ಬರೆಯತೊಡಗಿದ್ದರು. ತರಬೇತಿ ಶಿಬಿರಗಳ ತ್ರಿಕೋನಕ್ಕೆ ಈ ಮಾತು ಸಾಮಾನ್ಯವಾಗಿ ತಲುಪುವುದಿಲ್ಲ.

ಧರ್ಮಸಭೆಯ ಪಾಠ

ಸದ್ಗುಣದಿಂದ ಬದುಕಲು ಶರೀರಕ್ಕೆ ಬೇಕಾದ ವಸ್ತುಗಳು ಸಾಕಷ್ಟು ಇರಬೇಕೆಂದು ಹದಿಮೂರನೇ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಅರಸರ ಧರ್ಮವನ್ನು ಕುರಿತ ಗ್ರಂಥದಲ್ಲಿ ಬರೆದಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತ ಸಂವಿಧಾನದ 26ನೇ ಪರಿಚ್ಛೇದದಲ್ಲಿ, ನಿಜವಾದ ಮಾನವ ಜೀವನಕ್ಕೆ ಬೇಕಾದವುಗಳ ಪಟ್ಟಿಯೊಂದಿದೆ. ಅನ್ನ, ಬಟ್ಟೆ, ವಸತಿ, ಕುಟುಂಬ ಕಟ್ಟುವ ಸ್ವಾತಂತ್ರ್ಯ, ಶಿಕ್ಷಣ, ಕೆಲಸ, ಒಳ್ಳೆಯ ಹೆಸರು, ಗೌರವ, ಮನಸ್ಸಾಕ್ಷಿಯಂತೆ ನಡೆಯುವ ಹಕ್ಕು, ಧರ್ಮಸ್ವಾತಂತ್ರ್ಯ ಇವೆಲ್ಲವೂ ಅಲ್ಲಿ ಒಟ್ಟಿಗೆ ಬರುತ್ತವೆ. ಮಹಾಸಭೆಯ ಪಿತೃಗಳು ಅನ್ನವನ್ನೂ ಒಳ್ಳೆಯ ಹೆಸರನ್ನೂ ಬೇರೆ ಬೇರೆ ಅಂತಸ್ತಿನಲ್ಲಿ ಇಡಲಿಲ್ಲ.

1967ರ ಮಾರ್ಚ್ 26ರಂದು ಜಗದ್ಗುರು ಆರನೇ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಒಂದು ಏಣಿಯನ್ನೇ ಚಿತ್ರಿಸಿದರು. ಕಡಿಮೆ ಮಾನವೀಯವಾದ ಸ್ಥಿತಿಯಿಂದ ಹೆಚ್ಚು ಮಾನವೀಯವಾದ ಸ್ಥಿತಿಗೆ ಏರುವ ಏಣಿಯದು. ಅದರ ತಳದಲ್ಲಿ ಹೊಟ್ಟೆಗಿಲ್ಲದವರ ಪಕ್ಕದಲ್ಲಿಯೇ ಸ್ವಾರ್ಥದಿಂದ ಒಳಗೆ ಬಡವಾದವರನ್ನೂ ಅವರು ನಿಲ್ಲಿಸಿದರು. ಕೊಡುವವನು ತಾನು ಮೇಲಿನ ಮೆಟ್ಟಿಲಿನಲ್ಲಿದ್ದೇನೆಂದು ಭಾವಿಸುವಂತಿಲ್ಲ. ಇನ್ನೊಬ್ಬರ ಘನತೆಯನ್ನು ಗೌರವಿಸುವುದು, ಎಲ್ಲರ ಹಿತಕ್ಕಾಗಿ ಕೈಜೋಡಿಸುವುದು ಆ ಏಣಿಯ ಮೇಲಿನ ಮೆಟ್ಟಿಲುಗಳು. ದೇವರಲ್ಲಿ ವಿಶ್ವಾಸ ಹಾಗೂ ಕ್ರಿಸ್ತಪ್ರೀತಿಯ ಐಕ್ಯತೆ ಅದರ ತುದಿ.

ನಾನು ಓದಿದ ಪಟ್ಟಿ

ಇಷ್ಟೆಲ್ಲ ಬರೆಯಲು ನನಗೊಂದು ಕಾರಣವಿದೆ. ಗುರುಮಠದಲ್ಲಿ ನಾನೂ ಆ ತ್ರಿಕೋನವನ್ನು ಬರೆದು ಒಳ್ಳೆಯ ಅಂಕ ಪಡೆದವನೇ. ಗುರುದೀಕ್ಷೆಯಾಗಿ ಹಳ್ಳಿಯ ಧರ್ಮಕೇಂದ್ರವೊಂದಕ್ಕೆ ಸಹಾಯಕ ಗುರುವಾಗಿ ಹೋದ ವರ್ಷ ಮಳೆ ಕೈಕೊಟ್ಟಿತ್ತು. ಕ್ರಿಸ್ಮಸ್ಸಿಗೆ ಮುನ್ನ ಬಡ ಕುಟುಂಬಗಳಿಗೆ ಅಕ್ಕಿ, ಕಂಬಳಿ ಹಂಚುವುದೆಂದು ತೀರ್ಮಾನವಾಯಿತು. ನಾನೇ ಮನೆಮನೆಯ ವಿವರ ಸಂಗ್ರಹಿಸಿ ಪಟ್ಟಿ ಮಾಡಿದೆ. ಮೊದಲು ತಳದ ಅಗತ್ಯವೆಂದು ನನಗೆ ಖಚಿತವಾಗಿ ಗೊತ್ತಿತ್ತಲ್ಲ! ಭಾನುವಾರದ ಬಲಿಪೂಜೆ ಮುಗಿದ ಕೂಡಲೆ, ಜನರನ್ನು ಕೂರಿಸಿಕೊಂಡು, ಹೆಸರುಗಳನ್ನು ಗಟ್ಟಿಯಾಗಿ ಓದಿದೆ.

ಒಬ್ಬ ಹಿರಿಯರು ಎದ್ದು ಬರಲಿಲ್ಲ. ಅದೇ ದೇವಾಲಯದ ಗೋಡೆಗೆ ಹರೆಯದಲ್ಲಿ ಕಲ್ಲು ಕಟ್ಟಿದ ಮೇಸ್ತ್ರಿ ಅವರು. ಮುಂದಿನ ಭಾನುವಾರದಿಂದ ಪೂಜೆಗೂ ಬರಲಿಲ್ಲ. ಕೆಲವು ವಾರ ಕಳೆದ ಮೇಲೆ ಅವರ ಮನೆಗೆ ಹೋದೆ. ನನ್ನನ್ನು ಕಂಡು ಅವರು ಹಿತ್ತಲಿಗೆ ಎದ್ದುಹೋದರು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ ಮೆಲ್ಲಗೆ ಹೇಳಿದರು: “ಹಸಿವು ನಮಗೇನು ಹೊಸದಲ್ಲ ಸ್ವಾಮಿ. ಊರ ಮುಂದೆ ಹೆಸರು ಕೂಗಿಸ್ಕೊಂಡಿದ್ದು ಹೊಸದು.”

ನನ್ನ ಬಳಿ ಉತ್ತರವಿರಲಿಲ್ಲ. ಅವರ ಹೊಟ್ಟೆಗೆ ಅಕ್ಕಿ ಕೊಡಲು ಹೋಗಿ ಅವರ ದೇವಾಲಯವನ್ನೇ ಅವರಿಂದ ಕಸಿದುಕೊಂಡಿದ್ದೆ. ತಪಸ್ಸುಕಾಲದಲ್ಲಿ ಆವರಣದ ಗೋಡೆ ಕುಸಿದಾಗ ಅವರನ್ನೇ ಹೋಗಿ ಕೇಳಿಕೊಂಡೆ. ಬಹಳ ಹೊತ್ತು ಸುಮ್ಮನಿದ್ದು, ಮರುದಿನ ಕರಣೆ ಹಿಡಿದು ಬಂದರು. ಶನಿವಾರ ಬಟವಾಡೆಯಾದಾಗ ಆ ಹಣದಲ್ಲಿ ಅವರು ಮೊದಲು ಕೊಂಡದ್ದು ಅಕ್ಕಿಯನ್ನೇ. ಅಂದಿನಿಂದ ಇಂದಿನವರೆಗೆ ಬಡವರ ಪಟ್ಟಿಯನ್ನು ನಾನು ಗಟ್ಟಿಯಾಗಿ ಓದಿಲ್ಲ. ಆದರೆ ಅವರು ಪೂಜೆಗೆ ಬರದ ಆ ಭಾನುವಾರಗಳನ್ನು ಮರಳಿಸಲು ನನ್ನಿಂದಾಗದು.

ಪ್ರಿಯ ಓದುಗರೇ, ಅಗತ್ಯಗಳ ಏಣಿಯನ್ನು ಎಸೆದುಬಿಡಬೇಕೆಂದು ನಾನು ಹೇಳುತ್ತಿಲ್ಲ. ಹಸಿದವನಿಗೆ ಮೊದಲು ಪ್ರವಚನ ಕೊಡಬಾರದೆಂಬ ಎಚ್ಚರವನ್ನು ಅದು ಕಲಿಸುತ್ತದೆ. ಸಂತ ಯಾಗಪ್ಪನವರ ಪತ್ರವೂ ಇದನ್ನೇ ಹೇಳುತ್ತದೆ. ಆದರೆ ಏಣಿಯನ್ನು ನೋಡಿಕೊಂಡು ಮನುಷ್ಯನನ್ನು ಮರೆಯಬಾರದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ, ಪುನೀತ ಫ್ರೆಡ್ರಿಕ್ ಓಜಾನಮ್, ಗೆಳೆಯರೊಡನೆ ಸಂತ ವಿನ್ಸೆಂಟ್ ದೆ ಪಾಲ್ ಸಭೆಯನ್ನು ಆರಂಭಿಸಿದಾಗ ಬಡವರನ್ನು ತಮ್ಮ ಬಳಿಗೆ ಕರೆಸಿಕೊಳ್ಳಲಿಲ್ಲ, ತಾವೇ ಅವರ ಮನೆಗಳಿಗೆ ಹೋದರು. ನಮ್ಮ ಧರ್ಮಕೇಂದ್ರಗಳಲ್ಲಿ ಈ ಸಭೆಯ ಸದಸ್ಯರು ಇಂದಿಗೂ ಸದ್ದಿಲ್ಲದೆ ಮಾಡುವ ಮನೆಭೇಟಿಗಳ ಹಿಂದೆ ಆ ವಿವೇಕವಿದೆ. ಅವರ ಜೊತೆಗೆ ಒಮ್ಮೆ ಹೋಗಿಬನ್ನಿ. ಕೊಡುವ ಮೊದಲು ಕೇಳಿರಿ. ಕೆಲಸ ಕೊಡಬಹುದಾದಲ್ಲಿ ಕೆಲಸ ಕೊಡಿರಿ. ಕೊಟ್ಟದ್ದರ ಛಾಯಾಚಿತ್ರ ಬೇಡ. ಅವರು ಒಂದು ಲೋಟ ಕಾಫಿ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ. ಕೊಡುವುದೂ ಮನುಷ್ಯನ ಒಂದು ಅಗತ್ಯವೇ.

ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಗಿಡದ ನೆರಳಿನಲ್ಲಿ ಮಲಗಿದ್ದಾಗ ದೂತನು ಅವನನ್ನು ಗದರಿಸಲಿಲ್ಲ. ಮೈಮುಟ್ಟಿ ಎಬ್ಬಿಸಿ, ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಎರಡನೆಯ ಸಲವೂ ಬಂದು ಉಣ್ಣಲು ಹೇಳಿದನು. ಮುಂದಿನ ಪ್ರಯಾಣ ದೀರ್ಘವಾಗಿದೆಯೆಂಬುದು ಅವನು ಕೊಟ್ಟ ಕಾರಣ. ಆ ರೊಟ್ಟಿಯಲ್ಲಿ ಅನ್ನವೂ ಇತ್ತು, ಅಕ್ಕರೆಯೂ ಇತ್ತು, ಇನ್ನೂ ನಿನ್ನಿಂದ ಕೆಲಸವಾಗಬೇಕಾಗಿದೆ ಎಂಬ ಗೌರವವೂ ಇತ್ತು. ನಾವು ಹಂಚುವ ಅಕ್ಕಿಯೂ ಅಂತಹದಾಗಿರಲಿ.